ಪರ್ಷಿಯಾ ಎನ್ನಬೇಕೋ, ಇರಾನ್ ಎನ್ನಬೇಕೋ?

ಪ್ರಶ್ನೆ: 1935ರಲ್ಲಿ ಪರ್ಷಿಯಾದ ಹೆಸರನ್ನು ಇರಾನ್ ಎಂದು ಬದಲಿಸಲಾಯಿತು ಎಂದು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕದಲ್ಲಿ ಓದಿದೆ. ಹಾಗಾದರೆ ಅದಕ್ಕೂ ಮುಂಚೆ ಇರಾನ್ ಎಂಬ ಹೆಸರೇ ಇರಲಿಲ್ಲವೇ? (ದಾವಣಗೆರೆಯ ಓದುಗರು)

ಉತ್ತರ: ಇತ್ತು. ಅಲ್ಲಿಯ ಜನ ತಮ್ಮ ನಾಡನ್ನು ಮೊದಲಿನಿಂದಲೂ ಇರಾನ್ ಎಂದೇ ಕರೆದುಕೊಂಡು ಬಂದಿದ್ದರು. 1925ರವರೆಗೆ ಆಳಿದ ಖಾಜಾರ್ ವಂಶದ ದೊರೆಗಳ ಕಾಲದಲ್ಲಿ ರಾಜ್ಯದ ಹೆಸರು ‘ಮಮಾಲಿಕ್-ಎ ಮಹ್ರೂಸಾ-ಎ ಇರಾನ್’, ಅಂದರೆ ಇರಾನಿನ ಸಂರಕ್ಷಿತ ಪ್ರಾಂತ್ಯಗಳು. ಕ್ರಿ.ಶ. 1010ರ ಸುಮಾರಿಗೆ ಫಿರ್ದೌಸಿ ಮುಗಿಸಿದ ಶಾಹ್‌ನಾಮಾ ಕಾವ್ಯದ ಉದ್ದಕ್ಕೂ ನಾಡಿನ ಹೆಸರು ಇರಾನ್. ಅದರ ಎದುರಾಳಿ ನಾಡು ತುರಾನ್.

1935ರಲ್ಲಿ ಬದಲಾದದ್ದು ಹೊರಗಿನವರು ಬಳಸುತ್ತಿದ್ದ ಹೆಸರು. ಆಗಿನ ದೊರೆ ರೆಜಾ ಶಾ ಅವರ ಸರ್ಕಾರ ವಿದೇಶಿ ರಾಯಭಾರ ಕಚೇರಿಗಳಿಗೆ ಪತ್ರ ಬರೆದು, ಆ ವರ್ಷದ ಮಾರ್ಚ್ ತಿಂಗಳ ನೌರೂಜ್ (ಹೊಸವರ್ಷದ) ಹಬ್ಬದಿಂದ ‘ಇರಾನ್’ ಎಂದೇ ಬಳಸಿ ಎಂದು ಕೇಳಿತು. ಇದರ ಗುರುತನ್ನು ಅಂಚೆಚೀಟಿ ಸಂಗ್ರಹಿಸುವವರು ಈಗಲೂ ಬೆರಳಿಟ್ಟು ತೋರಿಸುತ್ತಾರೆ. ಫ್ರೆಂಚಿನಲ್ಲಿ ‘ಪೋಸ್ತ್ ಪೆರ್ಸಾನ್’ ಎಂದು ಅಚ್ಚಾಗಿದ್ದ ಹಳೆಯ ಚೀಟಿಗಳನ್ನು ಎಸೆಯಲಿಲ್ಲ. ಅವುಗಳ ಮೇಲೆಯೇ ‘ಪೋಸ್ತ್ ಇರಾನಿಯೆನ್’ ಎಂದು ಮರುಮುದ್ರಿಸಿ ಮಾರಿದರು. ಒಂದೇ ಚೀಟಿಯ ಮೇಲೆ ಎರಡು ಹೆಸರು. 1909ರಲ್ಲಿ ಹುಟ್ಟಿದ್ದ ಆಂಗ್ಲೋ-ಪರ್ಷಿಯನ್ ತೈಲ ಕಂಪನಿ ಅದೇ 1935ರಲ್ಲಿ ಆಂಗ್ಲೋ-ಇರಾನಿಯನ್ ಆಯಿತು. ಮುಂದೆ 1954ರಲ್ಲಿ ಬ್ರಿಟಿಷ್ ಪೆಟ್ರೋಲಿಯಂ ಎಂದಾದದ್ದು ಇದೇ ಕಂಪನಿ.

ಹೊಸ ರೂಢಿ ಸಲೀಸಾಗಿ ಬೇರೂರಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಇರಾನ್–ಇರಾಕ್ ಎರಡೂ ಕಿವಿಗೆ ಒಂದೇ ರೀತಿ ಕೇಳಿ ಗೊಂದಲವಾಗುತ್ತದೆಂದು ಬ್ರಿಟನ್ ಪ್ರಧಾನಿ ಚರ್ಚಿಲ್ ತಮ್ಮ ಸರ್ಕಾರಿ ಕಡತಗಳಲ್ಲಿ ‘ಪರ್ಷಿಯಾ’ ಎಂದೇ ಬರೆಯಲು ಹೇಳಿದರು. ಇತ್ತ ಇರಾನಿನಲ್ಲೇ ಎಹ್ಸಾನ್ ಯಾರ್‌ಶಾತರ್ ಅವರಂಥ ವಿದ್ವಾಂಸರಿಗೆ ಬೇರೊಂದು ಅಳಲಿತ್ತು: ಪಾಶ್ಚಾತ್ಯರಿಗೆ ಕಾವ್ಯ, ರತ್ನಗಂಬಳಿ, ಪುರಾತನ ಸಾಮ್ರಾಜ್ಯ ಎಲ್ಲವೂ ‘ಪರ್ಷಿಯಾ’ ಎಂಬ ಹೆಸರಿನೊಂದಿಗೇ ಬೆಸೆದುಕೊಂಡಿದ್ದವು, ಆ ಹೆಸರು ಬಿಟ್ಟರೆ ನಂಟೂ ಕಡಿಯುತ್ತದೆ ಎಂಬುದು. 1959ರಲ್ಲಿ ಎರಡೂ ಹೆಸರು ನಡೆಯುತ್ತವೆ ಎಂದು ಸರ್ಕಾರವೇ ಒಪ್ಪಿತು. 1979ರ ಕ್ರಾಂತಿಯ ನಂತರ ರಾಜ್ಯದ ಹೆಸರು ಇರಾನ್ ಇಸ್ಲಾಮಿಕ್ ಗಣರಾಜ್ಯ.

ಪರೀಕ್ಷೆಯಲ್ಲಿ ‘ಇರಾನಿನ ಹಳೆಯ ಹೆಸರೇನು’ ಎಂದು ಕೇಳಿದರೆ ಪರ್ಷಿಯಾ ಎಂದೇ ಗುರುತು ಹಾಕಿ, ಅಂಕ ಅದಕ್ಕೇ ಸಿಗುವುದು. ಆದರೆ ಅದು ‘ಹಳೆಯ’ ಹೆಸರಲ್ಲ, ಹೊರಗಿನವರು ಇಟ್ಟ ಹೆಸರು ಎಂಬುದು ಮನಸ್ಸಿನಲ್ಲಿರಲಿ.

ಪ್ರಶ್ನೆ: ಪರ್ಷಿಯಾ ಎಂಬ ಮಾತು ಎಲ್ಲಿಂದ ಬಂತು? ‘ಇರಾನ್’ಗೂ ನಮ್ಮ ‘ಆರ್ಯ’ ಶಬ್ದಕ್ಕೂ ನಂಟಿದೆ ಎನ್ನುತ್ತಾರೆ, ನಿಜವೇ? (ಧಾರವಾಡದ ಓದುಗರು)

ಉತ್ತರ: ಎರಡಕ್ಕೂ ಉತ್ತರ ಒಂದೇ ಬಂಡೆಯ ಮೇಲಿದೆ. ಇರಾನಿನ ಪ್ರಾಚೀನ ರಾಜಧಾನಿ ಪರ್ಸೆಪೊಲಿಸ್ ಹತ್ತಿರದ ನಖ್ಶ್-ಎ ರುಸ್ತಮ್‌ನಲ್ಲಿ, ಬಂಡೆ ಕೊರೆದು ಮಾಡಿದ ಡೇರಿಯಸ್ ದೊರೆಯ ಸಮಾಧಿ ಇದೆ. ಕ್ರಿ.ಪೂ. 500ರ ಆಸುಪಾಸಿನ ಅಲ್ಲಿಯ ಶಾಸನದಲ್ಲಿ ಅವನು ತನ್ನನ್ನು ಹೀಗೆ ಹೇಳಿಕೊಳ್ಳುತ್ತಾನೆ: ‘ಪಾರ್ಸ, ಪಾರ್ಸಹ್ಯಾ ಪುಸ್ಸ, ಅರಿಯ, ಅರಿಯ ಚಿಸ್ಸ’. ಪಾರ್ಸದವನು, ಪಾರ್ಸದವನ ಮಗ, ಆರ್ಯ, ಆರ್ಯ ಕುಲದವನು. ‘ಪುಸ್ಸ’ದಲ್ಲಿ ನಮಗೆ ಗೊತ್ತಿರುವ ಪುತ್ರ ಶಬ್ದವೇ ಕಾಣುತ್ತದೆ, ಹಳೆಯ ಪರ್ಷಿಯನ್ ಮತ್ತು ಸಂಸ್ಕೃತ ಅಷ್ಟು ಹತ್ತಿರದ ನೆಂಟರು.

ದೊರೆ ಇಲ್ಲಿ ಎರಡು ಗುರುತುಗಳನ್ನು ಬೇರೆಬೇರೆಯಾಗಿ ಹೇಳಿದ್ದಾನೆ ಎಂಬುದನ್ನು ಗಮನಿಸಿ. ಪಾರ್ಸ ಎಂಬುದು ಚಿಕ್ಕ ವರ್ತುಲ: ಶಿರಾಜ್ ಸುತ್ತಲಿನ ಪ್ರಾಂತ್ಯ, ಅಲ್ಲಿಯ ಜನ. ಅರಿಯ ಎಂಬುದು ಅದಕ್ಕಿಂತ ದೊಡ್ಡದು. ಗ್ರೀಕರಿಗೆ ಎದುರಾದ ದೊರೆಗಳು ಪಾರ್ಸದವರಾದ್ದರಿಂದ ಅವರು ಇಡೀ ಸಾಮ್ರಾಜ್ಯಕ್ಕೇ ಆ ಪ್ರಾಂತ್ಯದ ಹೆಸರು ಹಚ್ಚಿದರು. ಗ್ರೀಕಿನ ‘ಪೆರ್ಸಿಸ್’, ಲ್ಯಾಟಿನ್ನಿನ ‘ಪರ್ಸಿಯಾ’ ಬಂದದ್ದು ಹೀಗೆ. ಅರಬ್ಬಿಯಲ್ಲಿ ‘ಪ’ ಧ್ವನಿ ಇಲ್ಲ. ಆ ಬಾಯಲ್ಲಿ ಪಾರ್ಸ್ ‘ಫಾರ್ಸ್’ ಆಯಿತು. ಇವತ್ತಿಗೂ ಶಿರಾಜ್ ನಗರ ಫಾರ್ಸ್ ಪ್ರಾಂತ್ಯದ ರಾಜಧಾನಿ. ಸಂಸ್ಕೃತದ ಪಾರಸೀಕ, ನಮ್ಮ ದೇಶದ ಪಾರ್ಸಿ ಸಮುದಾಯದ ಹೆಸರು, ಎಲ್ಲದರ ಬೇರೂ ಅದೇ.

ದೊಡ್ಡ ವರ್ತುಲದ ಹೆಸರಿನಿಂದ ಹುಟ್ಟಿದ್ದು ಇರಾನ್. ‘ಆರ್ಯರ (ನಾಡು)’ ಎಂಬ ಷಷ್ಠೀ ಬಹುವಚನ ರೂಪ ಸವೆದು ‘ಏರಾನ್’ ಆಗಿದೆ. ಕ್ರಿ.ಶ. 224ರಲ್ಲಿ ಅಧಿಕಾರ ಹಿಡಿದ ಸಸಾನಿಯನ್ ದೊರೆ ಅರ್ದಶೀರ್ ‘ಏರಾನಿನ ರಾಜಾಧಿರಾಜ’ ಎಂದು ಬಿರುದು ಹಾಕಿಕೊಂಡ. ಅವನ ಮಗ ಶಾಪುರ್ ಅದಕ್ಕೆ ‘ಅನೇರಾನ್’ ಸೇರಿಸಿದ. ಏರಾನ್ ಅಲ್ಲದ ನಾಡುಗಳು ಎಂದು ಅರ್ಥ. ಸಂಸ್ಕೃತದ ‘ಅನಾರ್ಯ’ದಲ್ಲಿರುವ ನಿಷೇಧದ ಪ್ರತ್ಯಯವೇ ಇಲ್ಲೂ ಇದೆ.

ಒಂದು ಎಚ್ಚರಿಕೆ. ಡೇರಿಯಸ್‌ನ ‘ಅರಿಯ’ ಒಂದು ಜನ ತಮಗೆ ತಾವೇ ಇಟ್ಟುಕೊಂಡ ಹೆಸರು. 19ನೇ ಶತಮಾನದ ಯುರೋಪು ಕಟ್ಟಿದ ಬಿಳಿಯ ‘ಆರ್ಯ ಜನಾಂಗ’ದ ಸಿದ್ಧಾಂತವನ್ನು ಆ ಶಾಸನಕ್ಕೆ ಹೊರಿಸುವುದು ತಪ್ಪು, ಅನ್ಯಾಯ ಕೂಡ.

ಪ್ರಶ್ನೆ: ಇರಾನಿನವರೆಲ್ಲ ಪರ್ಷಿಯನ್ನರೇ ಅಲ್ಲವೇ? (ಶಿವಮೊಗ್ಗದ ಓದುಗರು)

ಉತ್ತರ: ಅಲ್ಲ. ಪರ್ಷಿಯನ್ ಮಾತೃಭಾಷೆಯವರು ಅಲ್ಲಿಯ ಅತಿ ದೊಡ್ಡ ಸಮುದಾಯ. ಅವರಲ್ಲದೆ ತಬ್ರೀಜ್, ಅರ್ದಬಿಲ್ ಕಡೆ ಅಜೆರಿಗಳು, ಸನಂದಜ್ ಕಡೆ ಕುರ್ದರು, ಕ್ಯಾಸ್ಪಿಯನ್ ಕರಾವಳಿಯಲ್ಲಿ ಗಿಲಕಿ ಮತ್ತು ಮಾಜಂದರಾನಿ ಮಾತಾಡುವವರು, ಜಾಗ್ರೋಸ್ ಬೆಟ್ಟಗಳಲ್ಲಿ ಲುರ್ ಜನ, ಖುಜೆಸ್ತಾನದಲ್ಲಿ ಅರಬ್ಬರು, ಜಾಹೆದಾನ್ ಕಡೆ ಬಲೂಚಿಗಳು, ಈಶಾನ್ಯದಲ್ಲಿ ತುರ್ಕ್‌ಮೆನ್ನರು ಇದ್ದಾರೆ. ಅಜೆರಿ ತುರ್ಕಿ ಕುಟುಂಬದ ಭಾಷೆ. ಕುರ್ದಿ, ಬಲೂಚಿ ಪರ್ಷಿಯನ್ನಿನ ದಾಯಾದಿಗಳು. ಸಂವಿಧಾನದ 15ನೇ ವಿಧಿ ಪರ್ಷಿಯನ್ನನ್ನು ಅಧಿಕೃತ ಭಾಷೆಯೆಂದು ಹೇಳಿ, ಉಳಿದ ಭಾಷೆಗಳನ್ನು ಪತ್ರಿಕೆಗಳಲ್ಲಿ ಬಳಸಲು, ಅವುಗಳ ಸಾಹಿತ್ಯವನ್ನು ಶಾಲೆಯಲ್ಲಿ ಕಲಿಸಲು ಅವಕಾಶ ಕೊಡುತ್ತದೆ. ಕಾಗದದ ಮೇಲಿನ ಈ ಅವಕಾಶ ತರಗತಿಯವರೆಗೆ ತಲುಪಿಲ್ಲ ಎಂಬುದು ಆ ಸಮುದಾಯಗಳ ಹಳೆಯ ದೂರು.

ಇತಿಹಾಸವೂ ಹೀಗೇ ಹೆಣೆದುಕೊಂಡಿದೆ. 1501ರಲ್ಲಿ ತಬ್ರೀಜ್‌ನಲ್ಲಿ ಪಟ್ಟಕ್ಕೆ ಬಂದು ಸಫವಿ ರಾಜ್ಯ ಕಟ್ಟಿದ ಶಾ ಇಸ್ಮಾಯಿಲ್ ‘ಖತಾಯಿ’ ಅಂಕಿತದಲ್ಲಿ ಪದ್ಯ ಬರೆದದ್ದು ತುರ್ಕಿ ಭಾಷೆಯಲ್ಲಿ. ‘ಇರಾನ್ ಎನ್ನಿ’ ಎಂದ ರೆಜಾ ಶಾ ಹುಟ್ಟಿದ್ದು ಮಾಜಂದರಾನಿನ ಅಲಾಷ್ತ್ ಎಂಬ ಹಳ್ಳಿಯಲ್ಲಿ.

ನಮಗೆ ಅರ್ಥವಾಗುವಂತೆ ಹೇಳುವುದಾದರೆ, 1973ರ ನವೆಂಬರ್ 1ರವರೆಗೆ ಇಡೀ ರಾಜ್ಯಕ್ಕೆ ‘ಮೈಸೂರು’ ಎಂಬ ಹೆಸರಿದ್ದಾಗ ಕಲಬುರಗಿ, ಬೆಳಗಾವಿಯವರಿಗೆ ಏನನ್ನಿಸುತ್ತಿತ್ತೋ ನೆನೆಸಿಕೊಳ್ಳಿ. ತಬ್ರೀಜಿನ ಅಜೆರಿಯನ್ನು ‘ಪರ್ಷಿಯನ್’ ಎಂದರೆ ಅವನಿಗೂ ಅಂಥದೇ ಕಸಿವಿಸಿ; ‘ಇರಾನಿ’ ಎಂದರೆ ತಕರಾರಿಲ್ಲ.

ಪ್ರಶ್ನೆ: ಬೀದರಿನ ಮಹಮೂದ್ ಗವಾನನನ್ನು ಪರ್ಷಿಯನ್ ಎನ್ನುವುದು ಸರಿಯೇ? (ಬೀದರಿನ ಓದುಗರು)

ಉತ್ತರ: ಬಹಮನಿ ಸುಲ್ತಾನರ ಮಂತ್ರಿಯಾಗಿದ್ದ ಅವನು ಬಂದದ್ದು ಕ್ಯಾಸ್ಪಿಯನ್ ತೀರದ ಗಿಲಾನ್‌ನಿಂದ. ಅಲ್ಲಿಯ ಆಡುನುಡಿ ಗಿಲಕಿ. ಅವನು ಬರೆದ ಪತ್ರಗಳು, 1472ರಲ್ಲಿ ಅವನು ಕಟ್ಟಿಸಿದ ಮದರಸಾದ ವಿದ್ಯೆ, ಬಹಮನಿ ಆಸ್ಥಾನದ ವ್ಯವಹಾರ, ಇವೆಲ್ಲದರ ಭಾಷೆ ಮಾತ್ರ ಪರ್ಷಿಯನ್. ಹಾಗಾಗಿ ‘ಗಿಲಾನ್‌ನಿಂದ ಬಂದ ಇರಾನಿ, ಪರ್ಷಿಯನ್ ವಿದ್ವಾಂಸ’ ಎಂದು ಬರೆದರೆ ಎಲ್ಲಿಯೂ ತಪ್ಪಾಗದು. ಬಹಮನಿ ಆಸ್ಥಾನದಲ್ಲಿ ಇಂಥವರನ್ನು ‘ಆಫಾಕಿ’ ಎನ್ನುತ್ತಿದ್ದರು. ಇಲ್ಲಿಯೇ ನೆಲೆಯೂರಿದ್ದವರು ದಖನಿಗಳು. 1481ರಲ್ಲಿ ಗವಾನನ ತಲೆ ಉರುಳಿದ್ದು ಈ ಎರಡು ಬಣಗಳ ಜಗಳದಲ್ಲಿ. ಬೆಂಗಳೂರಿನ ಅಲಿ ಅಸ್ಕರ್ ರಸ್ತೆಗೆ ಹೆಸರು ಕೊಟ್ಟ ಕುದುರೆ ವ್ಯಾಪಾರಿ ಆಗಾ ಅಲಿ ಅಸ್ಕರ್, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಅಜ್ಜ, ಶಿರಾಜಿನವರು. ‘ಪಾರ್ಸ್ ನಾಡಿನವರು’ ಎಂಬ ಮಾತು ಅವರಿಗೆ ಅಕ್ಷರಶಃ ಒಪ್ಪುತ್ತದೆ.

ಪ್ರಶ್ನೆ: ನಾನು ಅನುವಾದಕಿ. ಯಾವಾಗ ಯಾವ ಹೆಸರು ಬಳಸಲಿ? (ಮಂಗಳೂರಿನ ಓದುಗರು)

ಉತ್ತರ: ಮಾತು ದೇಶದ್ದೋ, ಜನರದ್ದೋ, ಭಾಷೆಯದ್ದೋ ಎಂದು ಮೊದಲು ಕೇಳಿಕೊಳ್ಳಿ. ದೇಶ, ಸರ್ಕಾರ, ಪ್ರಜೆ, ಪಾಸ್‌ಪೋರ್ಟ್ ಎಂದರೆ ಇರಾನ್, ಇರಾನಿ. ಭಾಷೆ, ಕಾವ್ಯ ಎಂದರೆ ಪರ್ಷಿಯನ್ ಅಥವಾ ಪಾರಸಿ. ಫಾರ್ಸಿ ಎಂದರೂ ಅದೇ. ಅದೇ ಭಾಷೆಗೆ ಆಫ್ಘಾನಿಸ್ತಾನದಲ್ಲಿ 1964ರ ಸಂವಿಧಾನ ‘ದರಿ’ ಎಂಬ ಹೆಸರು ಕೊಟ್ಟಿತು. ತಜಿಕಿಸ್ತಾನದಲ್ಲಿ ಅದು ತಜಿಕ್, ಬರೆಯುವುದು ಸಿರಿಲಿಕ್ ಲಿಪಿಯಲ್ಲಿ. ಆದ್ದರಿಂದ ‘ಪರ್ಷಿಯನ್ ಕವಿ’ ಎಂದ ಕೂಡಲೇ ‘ಇರಾನಿನ ಕವಿ’ ಎಂದು ತಿದ್ದಬೇಡಿ. ಅವನು ಬುಖಾರಾದವನೋ ದೆಹಲಿಯವನೋ ಆಗಿರಬಹುದು.

ಡೇರಿಯಸ್ ವಂಶದ ರಾಜ್ಯಕ್ಕೆ ‘ಪರ್ಷಿಯನ್ ಸಾಮ್ರಾಜ್ಯ’ ಸರಿ. ಪಾರ್ಥಿಯನ್ನರಿಗೆ ಅದನ್ನು ಹಚ್ಚಬೇಡಿ: ಅವರು ಈಶಾನ್ಯದಿಂದ ಬಂದ ಇರಾನಿ ಜನ, ಪಾರ್ಸದವರಲ್ಲ. 1935ಕ್ಕಿಂತ ಹಿಂದಿನ ಇಂಗ್ಲಿಷ್ ಬರಹ ಅನುವಾದಿಸುವಾಗ ಶೀರ್ಷಿಕೆ, ಉಲ್ಲೇಖಗಳಲ್ಲಿ ಪರ್ಷಿಯಾ ಎಂದೇ ಉಳಿಸಿ, ನಿಮ್ಮ ಟಿಪ್ಪಣಿಯಲ್ಲಿ ಇರಾನ್ ಎಂದು ಬರೆಯಿರಿ. ರತ್ನಗಂಬಳಿ ಸಂತೆಯಲ್ಲಿ ‘ಪರ್ಷಿಯನ್’ ಎಂಬುದು ವ್ಯಾಪಾರದ ಹೆಸರಾಗಿ ನಿಂತಿದೆ, ಅದನ್ನು ಮುಟ್ಟಬೇಡಿ. ನೇಯ್ದ ಊರಿನ ಹೆಸರನ್ನು ಜೊತೆಗೆ ಸೇರಿಸಿ, ತಬ್ರೀಜ್‌ನದೋ ಕಾಶಾನ್‌ನದೋ ಎಂದು.