ಬ್ಯಾಗು ಆಮೇಲೆ ತುಂಬಿ, ಮೊದಲು ಒಂದು ಚೀಟಿ ಬರೆಯಿರಿ

ಪ್ರಶ್ನೆ: ನನಗೆ 54 ವರ್ಷ. ಮುಂದಿನ ತಿಂಗಳು ಬಲಗಡೆಯ ಹರ್ನಿಯಾಗೆ ಆಪರೇಷನ್ ಇದೆ. ಶುಗರ್, ಬಿ.ಪಿ. ಮಾತ್ರೆಗಳ ಜೊತೆ ರಕ್ತ ತೆಳುವಾಗಿರಲೆಂದು ಆಸ್ಪಿರಿನ್ ತೆಗೆದುಕೊಳ್ಳುತ್ತೇನೆ. ದಿನಕ್ಕೆ ನಾಲ್ಕೈದು ಸಿಗರೇಟು ಸೇದುವುದು ಮನೆಯಲ್ಲಿ ಗೊತ್ತಿಲ್ಲ. ಪಕ್ಕದಲ್ಲೇ ಹೆಂಡತಿ ಕೂತಿದ್ದರಿಂದ ಡಾಕ್ಟರಿಗೂ ಹೇಳಲಿಲ್ಲ. ಹಿಂದಿನ ರಾತ್ರಿಯಿಂದ ನೀರೂ ಕುಡಿಯಬಾರದು ಎನ್ನುತ್ತಾರೆ ಒಬ್ಬರು, ಕುಡಿಯಬಹುದು ಎನ್ನುತ್ತಾರೆ ಇನ್ನೊಬ್ಬರು. ಆಸ್ಪತ್ರೆಗೆ ಏನೇನು ಒಯ್ಯಬೇಕು? ಮತ್ತೆ ಎಚ್ಚರವೇ ಆಗದಿದ್ದರೆ ಎಂಬ ಹೆದರಿಕೆ ಬೇರೆ. (ಹೆಸರು ಬೇಡವೆಂದ ಓದುಗರು. ಪತ್ರವನ್ನು ಸಂಕ್ಷೇಪಿಸಲಾಗಿದೆ.)

ಉತ್ತರ: ಮೂಲ ಪತ್ರದಲ್ಲಿ ನೀವು ಬ್ಯಾಗಿನ ಬಗ್ಗೆ ಅರ್ಧ ಪುಟ ಬರೆದಿದ್ದೀರಿ, ಸಿಗರೇಟಿನ ಬಗ್ಗೆ ಒಂದೇ ಸಾಲು. ನನ್ನ ಉತ್ತರದಲ್ಲಿ ಈ ಲೆಕ್ಕ ತಿರುವುಮುರುವಾಗುತ್ತದೆ, ಬೇಸರಿಸಬೇಡಿ. ನಾನು ವೈದ್ಯನಲ್ಲ. ಇಲ್ಲಿ ಬರೆದದ್ದಕ್ಕೂ ನಿಮ್ಮ ಆಸ್ಪತ್ರೆಯವರು ಹೇಳಿದ್ದಕ್ಕೂ ವ್ಯತ್ಯಾಸ ಕಂಡರೆ ಅವರ ಮಾತನ್ನೇ ಕೇಳಿ.

ಆಪರೇಷನ್ ಎಂದಕೂಡಲೇ ನಮಗೆ ನೆನಪಾಗುವುದು ಸರ್ಜನ್. ಆದರೆ ಆ ಹೊತ್ತಿನಲ್ಲಿ ನಿಮ್ಮ ಉಸಿರು, ರಕ್ತದೊತ್ತಡ, ಎದೆಬಡಿತಗಳನ್ನು ಕಾಯುವವರು ಅರಿವಳಿಕೆ ತಜ್ಞರು. ಮೊದಲೇ ಅವರ ಭೇಟಿಗೊಂದು ದಿನ ಗೊತ್ತುಮಾಡಿರುತ್ತಾರೆ. ‘ಅದು ಬರೀ ತಪಾಸಣೆ’ ಎಂದು ಹಗುರವಾಗಿ ತೆಗೆದುಕೊಳ್ಳುವವರೇ ಹೆಚ್ಚು. ನನ್ನನ್ನು ಕೇಳಿದರೆ ಇಡೀ ಸಿದ್ಧತೆಯಲ್ಲಿ ಅದಕ್ಕಿಂತ ಮುಖ್ಯವಾದ ಅರ್ಧ ಗಂಟೆ ಇನ್ನೊಂದಿಲ್ಲ. ಸಿಗರೇಟಿನ ವಿಷಯ ಹೇಳಬೇಕಾದ್ದೂ ಅಲ್ಲೇ. ಹೆಂಡತಿಯ ಎದುರು ಬೇಡವೆನಿಸಿದರೆ ‘ಡಾಕ್ಟರ ಹತ್ತಿರ ಐದು ನಿಮಿಷ ಒಬ್ಬನೇ ಮಾತಾಡಬೇಕು’ ಎನ್ನಿ. ಹೀಗೆ ಕೇಳುವವರನ್ನು ಅವರು ದಿನವೂ ನೋಡುತ್ತಿರುತ್ತಾರೆ. ಕೇಳಿದ್ದನ್ನು ಗುಟ್ಟಾಗಿಡುವುದು ಅವರ ವೃತ್ತಿಧರ್ಮ.

ಯಾಕಿಷ್ಟು ಒತ್ತಾಯವೆಂದರೆ, ಸಿಗರೇಟಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ಒಂದು ದಿನ ಸೇದದಿದ್ದರೂ ಅದು ಬಹುಮಟ್ಟಿಗೆ ಇಳಿಯುತ್ತದೆ. ನಾಲ್ಕು ವಾರ ಬಿಟ್ಟರೆ ಶ್ವಾಸಕೋಶದ ತೊಂದರೆಗಳೂ ಗಾಯ ಮಾಯದೆ ಕಾಡುವುದೂ ಕಡಿಮೆಯಾಗುತ್ತವೆ. ಕೊನೇ ಗಳಿಗೆಯಲ್ಲಿ ಬಿಟ್ಟರೆ ಕೆಮ್ಮು ಜಾಸ್ತಿಯಾಗುತ್ತದೆ ಎಂಬ ಹಳೆಯ ಮಾತಿಗೆ ಗಟ್ಟಿ ಆಧಾರವಿಲ್ಲ. ನಿಮ್ಮದಂತೂ ಹರ್ನಿಯಾ: ಆಪರೇಷನ್ ಆದ ಮೇಲೆ ಬರುವ ಪ್ರತಿ ಕೆಮ್ಮೂ ನೇರವಾಗಿ ಹೊಲಿಗೆಯನ್ನೇ ಎಳೆಯುತ್ತದೆ. ಇನ್ನೂ ಒಂದು ತಿಂಗಳಿದೆಯಲ್ಲ, ಇವತ್ತೇ ಬಿಡಿ.

ಇನ್ನು ಮಾತ್ರೆಗಳು. ಒಂದು ಹಾಳೆಯಲ್ಲಿ ಪ್ರತಿಯೊಂದರ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ ಎಂದು ಬರೆಯಿರಿ. ಗಿಡಮೂಲಿಕೆಯದು, ವಿಟಮಿನ್ನು, ನಿದ್ದೆ ಮಾತ್ರೆ ಯಾವುದನ್ನೂ ಬಿಡಬೇಡಿ. ‘ಅದೇನು ಔಷಧಿಯೇ’ ಎಂದು ಬಿಟ್ಟದ್ದೇ ಕೆಲವೊಮ್ಮೆ ರಕ್ತಸ್ರಾವ ಹೆಚ್ಚಿಸುವ ಪದಾರ್ಥವಾಗಿರುತ್ತದೆ. ಆಸ್ಪಿರಿನ್ ವಿಷಯದಲ್ಲಿ ಸ್ವಂತ ಬುದ್ಧಿ ಓಡಿಸಬೇಡಿ. ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಅದನ್ನು ತಾವಾಗಿ ನಿಲ್ಲಿಸಿದರೆ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಬರೀ ಮುನ್ನೆಚ್ಚರಿಕೆಗೆಂದು ನುಂಗುವವರ ಮಾತು ಬೇರೆ. ಬರೆದುಕೊಟ್ಟ ವೈದ್ಯರನ್ನೂ ಸರ್ಜನ್ನರನ್ನೂ ಕೇಳಿ, ಇಬ್ಬರ ಉತ್ತರವನ್ನೂ ಅದೇ ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಶುಗರ್ ಮಾತ್ರೆಗಳಲ್ಲೂ ಒಂದೊಂದಕ್ಕೆ ಒಂದೊಂದು ನಿಯಮ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದವನ್ನು ಸಾಮಾನ್ಯವಾಗಿ ಮೂರು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಉಪವಾಸದಲ್ಲಿ ಅವು ರಕ್ತವನ್ನು ಆಮ್ಲೀಯಗೊಳಿಸಬಲ್ಲವು, ಅದೂ ಶುಗರ್ ಅಷ್ಟೇನೂ ಏರದಿದ್ದಾಗಲೇ. ಬಿ.ಪಿ. ಮಾತ್ರೆಗಳಲ್ಲಿ ಕೆಲವನ್ನು ಆ ದಿನ ಬೆಳಿಗ್ಗೆಯೂ ಒಂದು ಗುಟುಕು ನೀರಿನಲ್ಲಿ ನುಂಗಬೇಕು, ಕೆಲವನ್ನು ಹಿಂದಿನ ದಿನವೇ ಬಿಡಬೇಕು. ನಿಮ್ಮದು ಯಾವುದು ಎಂದು ಹೆಸರು ಹಿಡಿದು ಕೇಳಿ.

ನೀರಿನ ವಿಷಯಕ್ಕೆ ಬರೋಣ. ಜ್ಞಾನ ತಪ್ಪಿಸಿದಾಗ ನುಂಗುವ, ಕೆಮ್ಮುವ ಸಹಜ ಕಾವಲು ಇರುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ಶ್ವಾಸಕೋಶಕ್ಕೆ ಇಳಿಯಬಹುದು. 1946ರಲ್ಲಿ ಕರ್ಟಿಸ್ ಮೆಂಡೆಲ್ಸನ್ ಎಂಬ ಅಮೆರಿಕದ ಪ್ರಸೂತಿ ತಜ್ಞರು ಹೆರಿಗೆಯ ಹೊತ್ತಿನಲ್ಲಿ ಹೀಗಾದ ಪ್ರಕರಣಗಳನ್ನು ವಿವರವಾಗಿ ದಾಖಲಿಸಿದರು. ಮುಂದೆ ‘ಮಧ್ಯರಾತ್ರಿಯಿಂದ ಏನೂ ಬೇಡ’ ಎಂಬ ಕಟ್ಟಳೆ ಎಲ್ಲೆಡೆ ಬೇರೂರಿತು. ಈಗಿನ ಮಾರ್ಗಸೂಚಿಗಳು ಅಷ್ಟು ಕಠಿಣವಾಗಿಲ್ಲ. ಹಗುರವಾದ ಊಟಕ್ಕೂ ಹಾಲಿಗೂ 6 ಗಂಟೆ, ಎಣ್ಣೆ-ಜಿಡ್ಡಿನ ಊಟಕ್ಕೆ 8 ಗಂಟೆ, ನೀರಿಗೂ ಹಾಲು ಬೆರೆಸದ ಟೀ-ಕಾಫಿಯಂಥವಕ್ಕೂ 2 ಗಂಟೆ ಅಂತರ ಸಾಕು. ಹಾಗಾಗಿ ನಿಮ್ಮ ಸಲಹೆಗಾರರಲ್ಲಿ ಒಬ್ಬರದು ಹಳೆಯ ಪಾಠ, ಇನ್ನೊಬ್ಬರದು ಹೊಸದು. ಆದರೆ ಬಹಳ ವರ್ಷ ಶುಗರ್ ಇದ್ದವರಲ್ಲಿ ಹೊಟ್ಟೆ ನಿಧಾನವಾಗಿ ಖಾಲಿಯಾಗಬಹುದು. ಆದ್ದರಿಂದ ನಿಮಗೆ ಎಷ್ಟು ಗಂಟೆ ಎಂಬುದನ್ನು ಅರಿವಳಿಕೆ ತಜ್ಞರೇ ಹೇಳಬೇಕು. ತಪ್ಪಿ ಏನಾದರೂ ತಿಂದುಬಿಟ್ಟರೆ ಮುಚ್ಚಿಡಬೇಡಿ. ಆಪರೇಷನ್ ಮುಂದಕ್ಕೆ ಹೋಗುತ್ತದೆ, ಅಷ್ಟೇ.

ಎಚ್ಚರವಾಗದಿದ್ದರೆ ಎಂಬ ಭಯವನ್ನೂ ಅವರ ಮುಂದೆಯೇ ಇಡಿ. ಹರ್ನಿಯಾವನ್ನು ಕೊಯ್ದು ಸರಿಪಡಿಸುವುದಾದರೆ ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿಯೂ ಮಾಡುತ್ತಾರೆ. ಸಣ್ಣ ರಂಧ್ರಗಳಲ್ಲಿ ಕ್ಯಾಮೆರಾ ತೂರಿಸಿ ಮಾಡುವ ಲ್ಯಾಪರೊಸ್ಕೋಪಿಗೆ ಸಾಮಾನ್ಯವಾಗಿ ಪೂರ್ತಿ ನಿದ್ದೆಯೇ ಬೇಕು. ನಿಮಗೆ ಯಾವುದು, ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ. ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಅರಿವಳಿಕೆ ಕೊಟ್ಟಾಗ ಮೈ ವಿಪರೀತ ಕಾದದ್ದೋ ಇನ್ನೇನೋ ತೊಂದರೆಯಾದದ್ದೋ ಇದ್ದರೆ ಖಂಡಿತ ಹೇಳಿ. ಅಪರೂಪಕ್ಕೆ ಅದು ವಂಶವಾಹಿಯಲ್ಲಿ ಬರುತ್ತದೆ, ಮೊದಲೇ ತಿಳಿದರೆ ಬೇರೆ ಔಷಧ ಬಳಸುತ್ತಾರೆ. ಜೋರು ಗೊರಕೆ, ಅಲುಗುವ ಹಲ್ಲು ಇದ್ದರೆ ಅದನ್ನೂ.

ಆ ದಿನ ನಿಮಗೆ ಕಿರಿಕಿರಿ ಮಾಡುವ ಸಂಗತಿ ಒಂದಿದೆ. ಬಂದವರೆಲ್ಲ ‘ಹೆಸರೇನು, ಯಾವ ಆಪರೇಷನ್, ಯಾವ ಕಡೆ’ ಎಂದು ಕೇಳುತ್ತಾರೆ. ಇವರಿಗೆ ಫೈಲು ಓದಲು ಬರುವುದಿಲ್ಲವೇ ಎನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲೇ ಈ ಪ್ರಶ್ನೆಗಳಿವೆ. ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಆ ಪಟ್ಟಿ ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ ಇಳಿದದ್ದು 2009ರಲ್ಲಿ ಪ್ರಕಟವಾಯಿತು. ‘ಬಲಗಡೆ ಅಲ್ವಾ?’ ಎಂದಾಗ ಸುಮ್ಮನೆ ತಲೆಯಾಡಿಸದೆ ಬಾಯಿಬಿಟ್ಟು ‘ಬಲಗಡೆ’ ಎನ್ನಿ. ಚರ್ಮದ ಮೇಲೆ ಪೆನ್ನಿನ ಗುರುತು ಎಲ್ಲಿದೆ ಎಂದೂ ನೋಡಿಕೊಳ್ಳಿ.

ಮನೆಯಲ್ಲಿ ಸ್ನಾನ ಮಾಡಿ ಹೋಗಿ, ಆದರೆ ಕೂದಲು ಬೋಳಿಸಬೇಡಿ. ರೇಜರಿನ ಸಣ್ಣ ಗಾಯಗಳಿಂದ ಸೋಂಕು ಹೆಚ್ಚುತ್ತದೆ. ಅಗತ್ಯವಿದ್ದರೆ ಆಸ್ಪತ್ರೆಯವರೇ ಕ್ಲಿಪ್ಪರ್‌ನಲ್ಲಿ ಕತ್ತರಿಸುತ್ತಾರೆ. ಉಂಗುರ, ಸರ ಮನೆಯಲ್ಲೇ ಇರಲಿ.

ಬ್ಯಾಗಿಗೆ ಹೆಚ್ಚೇನೂ ಬೇಡ: ಆ ಹಾಳೆ, ಮಾತ್ರೆಗಳ ಸ್ಟ್ರಿಪ್ಪು, ಹಳೆಯ ರಿಪೋರ್ಟುಗಳು, ಕನ್ನಡಕದ ಡಬ್ಬಿ, ಫೋನಿನ ಚಾರ್ಜರ್, ಗಾಯದ ಮೇಲೆ ಒತ್ತದಂಥ ಸಡಿಲ ಉಡುಪು. ಅದೇ ದಿನ ಮನೆಗೆ ಕಳಿಸಿದರೆ ಜೊತೆಗೊಬ್ಬರು ಬೇಕೇಬೇಕು. 24 ಗಂಟೆ ವಾಹನ ಓಡಿಸಬಾರದು, ಮುಖ್ಯ ಕಾಗದಗಳಿಗೆ ಸಹಿ ಹಾಕಬಾರದು. ಹೊರಡುವ ಮುನ್ನ ಆಸ್ಪಿರಿನ್ ಮತ್ತೆ ಯಾವಾಗ ಶುರುಮಾಡಬೇಕು, ಭಾರ ಎತ್ತುವುದು ಯಾವಾಗ, ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಬರೆಸಿಕೊಳ್ಳಿ. ಹರ್ನಿಯಾ ಆಪರೇಷನ್ ಆದ ಗಂಡಸರಲ್ಲಿ ಮೂತ್ರ ಕಟ್ಟುವುದು ಅಪರೂಪವೇನಲ್ಲ. ಹಾಗಾದರೆ ಸಂಕೋಚಪಟ್ಟು ಬೆಳಗಿನವರೆಗೆ ಕಾಯಬೇಡಿ, ಕೂಡಲೇ ಆ ನಂಬರಿಗೆ ಫೋನ್ ಮಾಡಿ.