ಮ್ಯೂನಿಕ್ಕೋ, ಕೈಸರ್ಸ್‌ಲೌಟರ್ನೋ?

ನಿಮ್ಮ ಪ್ರಶ್ನೆಯ ಸಾರ ಇಷ್ಟು. ಕಂಪ್ಯೂಟರ್ ವಿಜ್ಞಾನದ ಮಾಸ್ಟರ್ಸ್‌ಗೆ ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದಿಂದಲೂ ಅಲ್ಲಿಯದೇ ಸಣ್ಣ ಊರಾದ ಕೈಸರ್ಸ್‌ಲೌಟರ್ನ್‌ನ ವಿಶ್ವವಿದ್ಯಾಲಯದಿಂದಲೂ ಪ್ರವೇಶಪತ್ರ ಬಂದಿದೆ. ಮನೆಯವರು, ಗೆಳೆಯರು, ಕನ್ಸಲ್ಟೆನ್ಸಿಯವರು ಎಲ್ಲರೂ ಒಂದೇ ಬಾಯಲ್ಲಿ ಮ್ಯೂನಿಕ್ ಎನ್ನುತ್ತಿದ್ದಾರೆ. ಕೈಸರ್ಸ್‌ಲೌಟರ್ನ್‌ನ ಪ್ರಾಧ್ಯಾಪಕರೊಬ್ಬರು ವೀಡಿಯೊ ಕರೆಯಲ್ಲಿ ಅರ್ಧ ಗಂಟೆ ಕುಳಿತು ನಿಮ್ಮ ಪ್ರಾಜೆಕ್ಟಿನ ಬಗ್ಗೆ ಕೇಳಿದ ಮೇಲೆ ನಿಮ್ಮ ಮನಸ್ಸು ಮಾತ್ರ ಅತ್ತ ವಾಲಿದೆ. ಹೆಸರನ್ನು ಬಿಟ್ಟುಕೊಟ್ಟರೆ ಮುಂದೆ ಕೈ ಕೈ ಹಿಸುಕಿಕೊಳ್ಳಬೇಕಾದೀತೇ ಎಂದು ಕೇಳಿದ್ದೀರಿ.

ಕೈಸರ್ಸ್‌ಲೌಟರ್ನ್‌ಗೆ ಹೋಗಿ ಎಂಬುದೇ ನನ್ನ ಉತ್ತರ. ಅಲ್ಲಿ ನೆಮ್ಮದಿ ನಿಮಗಾಗಿ ಕಾದು ಕುಳಿತಿದೆ ಎಂದೇನೂ ನಾನು ಹೇಳುತ್ತಿಲ್ಲ. ಡಿಸೆಂಬರಿನಲ್ಲಿ ಎರಡೂ ಊರುಗಳಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಕತ್ತಲೆಗೆ ರ‍್ಯಾಂಕಿಂಗ್ ಇಲ್ಲ.

ಮೊದಲು ಹೆಸರಿನ ವಿಷಯ. ಮ್ಯೂನಿಕ್‌ನದು 1868ರ ಸಂಸ್ಥೆ. ಜರ್ಮನ್ ಸರ್ಕಾರ 2006ರಲ್ಲಿ ಉತ್ಕೃಷ್ಟತೆಯ ಪಟ್ಟ ಕೊಟ್ಟ ಮೊದಲ ಮೂರು ವಿಶ್ವವಿದ್ಯಾಲಯಗಳಲ್ಲಿ ಅದೂ ಒಂದು. ಅದರ ಯೋಗ್ಯತೆಯ ಬಗ್ಗೆ ಯಾರದೂ ತಕರಾರಿಲ್ಲ. ಆದರೆ ನೀವು ಪತ್ರದಲ್ಲಿ ಉದ್ಧರಿಸಿದ, ಜಗತ್ತಿನ ವಿಶ್ವವಿದ್ಯಾಲಯಗಳಿಗೆ ರ‍್ಯಾಂಕ್ ಕೊಡುವ ಕ್ಯೂಎಸ್ ಪಟ್ಟಿಯನ್ನು ಸ್ವಲ್ಪ ಬಿಡಿಸಿ ನೋಡಿ. ಅದರ ಅಂಕಗಳಲ್ಲಿ ಶೇ 30 ಬರುವುದು ವಿದ್ವಾಂಸರ ಅಭಿಪ್ರಾಯ ಸಮೀಕ್ಷೆಯಿಂದ, ಇನ್ನು ಶೇ 15 ಉದ್ಯೋಗದಾತರ ಅಭಿಪ್ರಾಯದಿಂದ. ಹತ್ತಿರ ಹತ್ತಿರ ಅರ್ಧದಷ್ಟು ಕೇಳಿ ಬಲ್ಲವರ ಮಾತು. ತರಗತಿಯಲ್ಲಿ ನಿಮಗೆ ಪಾಠ ಹೇಗೆ ಸಿಗುತ್ತದೆ ಎಂಬುದನ್ನು ಅಳೆಯುವ ಅಂಕಣ ಅಲ್ಲಿ ಇಲ್ಲವೆಂದೇ ಹೇಳಬಹುದು.

ಜರ್ಮನಿಯ ಇನ್ನೊಂದು ಪದ್ಧತಿ ದೂರದಿಂದ ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಒಬ್ಬರು ಓದಿ ಬೆಳೆದ ವಿಶ್ವವಿದ್ಯಾಲಯವೇ ಅವರನ್ನು ಪ್ರಾಧ್ಯಾಪಕ ಹುದ್ದೆಗೆ ಏರಿಸುವುದು ಸಾಮಾನ್ಯವಾಗಿ ಸಲ್ಲದು. ಬೇರೆ ಊರಿನಿಂದ ಕರೆ ಬರಬೇಕು, ಅವರು ಗಂಟುಮೂಟೆ ಕಟ್ಟಬೇಕು. ಹೀಗಾಗಿ ಒಳ್ಳೆಯ ವಿದ್ವಾಂಸರೆಲ್ಲ ಎರಡು ಮೂರು ನಗರಗಳಲ್ಲೇ ಗುಂಪುಗೂಡದೆ ದೇಶದ ತುಂಬ ಹರಡಿದ್ದಾರೆ. ಇದಲ್ಲದೆ ಸಂಶೋಧನೆಯ ದೊಡ್ಡ ಪಾಲು ವಿಶ್ವವಿದ್ಯಾಲಯಗಳ ಹೊರಗೆ, ಸ್ವತಂತ್ರ ಸಂಸ್ಥೆಗಳಲ್ಲಿ ನಡೆಯುತ್ತದೆ. ಕೈಸರ್ಸ್‌ಲೌಟರ್ನ್ ಸುಮಾರು ಒಂದು ಲಕ್ಷ ಜನರ ಊರು. ಅಲ್ಲಿ ಸಾಫ್ಟ್‌ವೇರ್ ವ್ಯವಸ್ಥೆಗಳ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆ ಇದೆ, ಉದ್ಯಮಕ್ಕೆ ಬೇಕಾದ ಸಂಶೋಧನೆ ಮಾಡುವ ಎರಡು ಫ್ರೌನ್‌ಹೋಫರ್ ಸಂಸ್ಥೆಗಳಿವೆ, 1988ರಲ್ಲಿ ಹುಟ್ಟಿದ ಕೃತಕ ಬುದ್ಧಿಮತ್ತೆಯ ರಾಷ್ಟ್ರೀಯ ಸಂಶೋಧನಾ ಕೇಂದ್ರವೂ ಇದೆ. ಇಷ್ಟೆಲ್ಲ ಇದ್ದರೂ ನೆಂಟರ ಮುಂದೆ ಹೇಳಿಕೊಳ್ಳಲು ಮ್ಯೂನಿಕ್ಕೇ ಸಲೀಸು, ನಿಜ. ಕೈಸರ್ಸ್‌ಲೌಟರ್ನ್ ಎಂದು ಉಚ್ಚರಿಸಿ ಮುಗಿಸುವಷ್ಟರಲ್ಲಿ ನೆಂಟರು ಎದ್ದು ಹೋಗಿರುತ್ತಾರೆ.

ಕೆಲಸಕ್ಕೆ ಅರ್ಜಿ ಹಾಕುವಾಗ ಏನಾಗುತ್ತದೆ ಎಂಬುದನ್ನು ನಾನು ಮೇಜಿನ ಇನ್ನೊಂದು ಬದಿಯಿಂದ ಬಲ್ಲೆ. ನಮ್ಮ ವಿಭಾಗಕ್ಕೆ ಬರುವ ಅರ್ಜಿಗಳನ್ನು ಓದುವವರಲ್ಲಿ ನಾನೂ ಒಬ್ಬ. ಪದವಿಯ ಸಾಲಿನ ಮೇಲೆ ಕಣ್ಣು ಒಮ್ಮೆ ಹಾದು ಹೋಗುತ್ತದೆ. ಸರ್ಕಾರಿ ವಿಶ್ವವಿದ್ಯಾಲಯ ಎಂದು ಗೊತ್ತಾದರೆ ಅಲ್ಲಿಗೆ ಆ ಮಾತು ಮುಗಿಯಿತು. ಕಣ್ಣು ನಿಲ್ಲುವುದು ಮಾಸ್ಟರ್ಸ್ ಪ್ರಬಂಧ ಯಾವುದರ ಮೇಲೆ, ಯಾರ ಕೈಕೆಳಗೆ, ಯಾವ ಕಂಪನಿಯಲ್ಲಿ ಬರೆದದ್ದು ಎಂಬಲ್ಲಿ. ಆಮೇಲೆ ಓದುತ್ತಲೇ ಕಂಪನಿಯಲ್ಲಿ ಅರೆಕಾಲಿಕವಾಗಿ ಮಾಡಿದ 'ವೆರ್ಕ್‌ಸ್ಟೂಡೆಂಟ್' ಕೆಲಸ, ಅದಕ್ಕೆ ಮಾಲೀಕರು ಕೊಟ್ಟ ಲಿಖಿತ ಪ್ರಮಾಣಪತ್ರ. ಆಮೇಲೆ ಜರ್ಮನ್ ಭಾಷೆ. ಈ ಮೂರನೆಯದರಲ್ಲೇ ನಮ್ಮವರು ಮುಗ್ಗರಿಸುವುದು. ಇಂಗ್ಲಿಷಿನ ಕೋರ್ಸು, ಇಂಗ್ಲಿಷಿನ ಗೆಳೆಯರು, ಮನೆಗೆ ಬಂದರೆ ಕನ್ನಡ ಅಥವಾ ಹಿಂದಿ. ಎರಡು ವರ್ಷ ಕಳೆದರೂ ಬೇಕರಿಯ ಜರ್ಮನ್ ದಾಟುವುದಿಲ್ಲ. ದೊಡ್ಡ ನಗರದಲ್ಲಿ ಹಾಗೆಯೇ ದಿನ ತಳ್ಳಿಬಿಡಬಹುದು. ಸಣ್ಣ ಊರು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. (ಕೈಸರ್ಸ್‌ಲೌಟರ್ನ್ ಸುತ್ತಮುತ್ತ ಅಮೆರಿಕದ ಸೇನೆಯವರು ಸಾವಿರಾರು ಮಂದಿ ಇದ್ದಾರೆ, ಇಂಗ್ಲಿಷ್ ಕಿವಿಗೆ ಬೀಳುತ್ತಲೇ ಇರುತ್ತದೆ. ಅದನ್ನು ನೆಪ ಮಾಡಿಕೊಳ್ಳಬೇಡಿ.)

ಹಣದ ಲೆಕ್ಕ ಚಿಕ್ಕದು. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024-25ರ ಚಳಿಗಾಲದ ಸೆಮಿಸ್ಟರಿನಿಂದ ಯುರೋಪ್ ಒಕ್ಕೂಟದ ಹೊರಗಿನವರಿಗೆ ಶುಲ್ಕ ಹಾಕಿದೆ. ಮಾಸ್ಟರ್ಸ್‌ಗೆ ಅದು ಕೋರ್ಸಿಗೆ ತಕ್ಕಂತೆ ಸೆಮಿಸ್ಟರಿಗೆ 4,000 ಅಥವಾ 6,000 ಯೂರೋ. ಕೈಸರ್ಸ್‌ಲೌಟರ್ನ್‌ನಲ್ಲಿ ಸೆಮಿಸ್ಟರ್ ವಂತಿಗೆ ಬಿಟ್ಟರೆ ಬೇರೆ ಶುಲ್ಕವಿಲ್ಲ. ವೀಸಾಕ್ಕಾಗಿ ನೀವು ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಬ್ಯಾಂಕ್ ಖಾತೆ) ಇಡುವ 11,904 ಯೂರೋ ತಿಂಗಳಿಗೆ 992ರಂತೆ ಕೈಗೆ ಬರುತ್ತದೆ. ಮ್ಯೂನಿಕ್‌ನಲ್ಲಿ ಅದರ ಬಹುಪಾಲನ್ನು ಒಂದು ಕೋಣೆಯ ಬಾಡಿಗೆಯೇ ನುಂಗುತ್ತದೆ. ಸಾಲ ಮಾಡಿ ಬರುತ್ತಿದ್ದೇನೆ ಎಂದು ಬರೆದಿದ್ದೀರಿ. ಸಾಲದ ಕಂತು ತಲೆಯ ಮೇಲಿದ್ದವರು ವರ್ಷಕ್ಕೆ ಕಾನೂನು ಕೊಡುವ 140 ಪೂರ್ಣ ದಿನಗಳ ದುಡಿಮೆಯನ್ನು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಾ ಕಳೆಯುತ್ತಾರೆ. ಸಂಬಳ ಕಡಿಮೆಯಾದರೂ ಪ್ರಯೋಗಾಲಯದಲ್ಲಿ ಕೆಲಸ ಹಿಡಿಯುವ ಧೈರ್ಯ ಅವರಿಗೆ ಬರುವುದಿಲ್ಲ.

ಈಗ ನೀವು ಸಂಕೋಚದಿಂದ ಬರೆದ ಮಾತಿಗೆ ಬರುತ್ತೇನೆ. 'ಸಂತೋಷವಾಗಿರುತ್ತೇನೆ ಎಂಬುದು ಒಂದು ಕಾರಣವೇ?' ಇಲ್ಲಿಯ ಓದಿನ ರೀತಿ ಗೊತ್ತಾದರೆ ಆ ಸಂಕೋಚ ಹೋಗುತ್ತದೆ. ಹೆಚ್ಚಿನ ತರಗತಿಗಳಿಗೆ ಹಾಜರಾತಿ ಇಲ್ಲ. ನಡುವೆ ಕಿರುಪರೀಕ್ಷೆಗಳಿಲ್ಲ. ಎಷ್ಟೋ ವಿಷಯಗಳಲ್ಲಿ ಇಡೀ ಸೆಮಿಸ್ಟರಿನ ಭಾರ ಕೊನೆಯ ಒಂದೇ ಪರೀಕ್ಷೆಯ ಮೇಲೆ. ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಕಡ್ಡಾಯ ವಿಷಯವೊಂದರಲ್ಲಿ ಮೂರನೆಯ ಪ್ರಯತ್ನವೂ ಕೈಕೊಟ್ಟರೆ ಹೆಸರನ್ನೇ ತೆಗೆದುಹಾಕುತ್ತಾರೆ, ಅದೇ ಕೋರ್ಸನ್ನು ಜರ್ಮನಿಯ ಬೇರೆ ಕಡೆ ಓದುವ ದಾರಿಯೂ ಸಾಮಾನ್ಯವಾಗಿ ಮುಚ್ಚುತ್ತದೆ. ವಾಸದ ಪರವಾನಗಿ ಓದಿಗೆ ಕಟ್ಟಿಕೊಂಡದ್ದು. ಮನಸ್ಸು ಕುಸಿದರೆ ಇಲ್ಲಿ ಅದು ಒಂದು ವಾರದ ಬೇಸರವಾಗಿ ಮುಗಿಯುವುದಿಲ್ಲ.

ಹೆಸರಾಂತ ವಿಶ್ವವಿದ್ಯಾಲಯವೊಂದರಲ್ಲಿದ್ದ ಹುಡುಗನೊಬ್ಬನನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬುದ್ಧಿವಂತ, ಮನೆಯವರ ಹೆಮ್ಮೆ. ಅವನ ಕೋಣೆಗೆ ಹೋದಾಗ ನಡುಹಗಲಿನಲ್ಲೂ ಪರದೆ ಇಳಿದಿತ್ತು. ಮೇಜಿನ ಮೇಲೆ ಒಡೆಯದ ಲಕೋಟೆಗಳ ರಾಶಿ: ಆರೋಗ್ಯ ವಿಮೆಯವರದು, ಬ್ಯಾಂಕಿನದು, ವಿದೇಶಿಯರ ಕಚೇರಿಯದು. ಇಲ್ಲಿ ಮುಖ್ಯವಾದದ್ದೆಲ್ಲ ಇಂದಿಗೂ ಅಂಚೆಯಲ್ಲೇ ಬರುತ್ತದೆ, ಪ್ರತಿಯೊಂದಕ್ಕೂ ಗಡುವಿರುತ್ತದೆ. ಪರೀಕ್ಷೆಗೆ ಹೆಸರು ನೋಂದಾಯಿಸುವ ದಿನವೂ ದಾಟಿಹೋಗಿತ್ತು. ನೂರಾರು ಜನರ ಸಭಾಂಗಣದಲ್ಲಿ ಅವನ ಕುರ್ಚಿ ತಿಂಗಳುಗಟ್ಟಲೆ ಖಾಲಿ ಇದ್ದದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಅವನನ್ನು ಎತ್ತಿ ನಿಲ್ಲಿಸಿದ್ದು ನನ್ನ ಉಪದೇಶವಲ್ಲ. ಒಂದು ಪ್ರಯೋಗಾಲಯದಲ್ಲಿ ವಾರಕ್ಕೆ ಕೆಲವು ಗಂಟೆಗಳ ಸಹಾಯಕನ ಕೆಲಸ ಸಿಕ್ಕಿತು. ಅಲ್ಲಿ ಸೋಮವಾರ ಬಾರದಿದ್ದರೆ ಮಂಗಳವಾರ 'ನಿನ್ನೆ ಎಲ್ಲಿ ಹೋಗಿದ್ದೆ' ಎಂದು ಕೇಳುವ ಜನವಿತ್ತು.

ಆದ್ದರಿಂದ ಯಾವ ಊರು ಹಿತವಾಗಿದೆ, ಎಲ್ಲಿ ಖುಷಿಯಾಗಿರುತ್ತೇನೆ ಎಂದು ಅಳೆಯಲು ಹೋಗಬೇಡಿ. ಅದು ಬಂದು ಕಾಣದೆ ತಿಳಿಯುವಂಥದ್ದಲ್ಲ. ನೀವು ಬಾರದಿದ್ದರೆ ಕೇಳುವವರು ಎಲ್ಲಿದ್ದಾರೆ ಎಂದು ನೋಡಿ. ಪರಿಚಯವೇ ಇಲ್ಲದ ವಿದ್ಯಾರ್ಥಿಯ ಜೊತೆ ಅರ್ಧ ಗಂಟೆ ಮಾತಾಡಿದ ಪ್ರಾಧ್ಯಾಪಕರು ಕೇಳುವವರ ಜಾತಿಗೆ ಸೇರಿದವರು ಎಂದು ನನಗೆ ಅನ್ನಿಸುತ್ತದೆ.

ಮ್ಯೂನಿಕ್ಕನ್ನೇ ಆರಿಸಿ ಎಂದು ನಾನು ಹೇಳಬಹುದಾದ ಸಂದರ್ಭಗಳೂ ಇವೆ. ಓದು ಮುಗಿಸಿ ಬೇಗ ಭಾರತಕ್ಕೆ ಮರಳುವುದಾದರೆ, ಇಲ್ಲವೇ ಅಮೆರಿಕದಲ್ಲಿ ಪಿಎಚ್‌ಡಿ ಮಾಡುವ ಯೋಚನೆಯಿದ್ದರೆ, ಆ ಹೆಸರು ಬಾಗಿಲು ತೆರೆಸುತ್ತದೆ. ಸ್ವಂತ ಕಂಪನಿ ಕಟ್ಟುವ ಹಂಬಲವಿದ್ದರೆ ಮ್ಯೂನಿಕ್‌ನ ವಾತಾವರಣಕ್ಕೆ ಸಾಟಿಯಾದದ್ದು ಈ ದೇಶದಲ್ಲಿ ಕಡಿಮೆ. ನೀವು ಇಲ್ಲೇ ಕೆಲಸ ಮಾಡಬೇಕು ಎಂದಿದ್ದೀರಿ, ಹಾಗಾಗಿ ಈ ಯಾವುದೂ ನಿಮಗೆ ಹೊಂದುವುದಿಲ್ಲ. ಪದವಿ ಮುಗಿದ ಮೇಲೆ ಕೆಲಸ ಹುಡುಕಲು ಸಿಗುವ 18 ತಿಂಗಳ ಪರವಾನಗಿ ಎರಡೂ ಕಡೆಯವರಿಗೆ ಒಂದೇ.

ತಂದೆಯವರಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ಸಂತೋಷದ ಮಾತೆತ್ತಬೇಡಿ, ಅದು ಸೋಮಾರಿತನದಂತೆ ಕೇಳಿಸುತ್ತದೆ. ನಾಲ್ಕು ಸೆಮಿಸ್ಟರಿನ ಶುಲ್ಕವನ್ನು ರೂಪಾಯಿಯಲ್ಲಿ ಬರೆದು ತೋರಿಸಿ, ಮೇಲೆ ಹೇಳಿದ ಸಂಶೋಧನಾ ಸಂಸ್ಥೆಗಳ ಹೆಸರನ್ನು ಪಕ್ಕದಲ್ಲಿ ಬರೆಯಿರಿ.

ಒಪ್ಪಿಗೆ ಕಳುಹಿಸುವ ಮುನ್ನ ಆ ಪ್ರಾಧ್ಯಾಪಕರಿಗೆ ಇನ್ನೊಂದು ಇಮೇಲ್ ಬರೆಯಿರಿ. ಮಾಸ್ಟರ್ಸ್ ವಿದ್ಯಾರ್ಥಿಗಳನ್ನು ತಮ್ಮ ತಂಡಕ್ಕೆ ಸಹಾಯಕರಾಗಿ ತೆಗೆದುಕೊಳ್ಳುತ್ತಾರೆಯೇ, ಮುಂದಿನ ಎರಡು ವರ್ಷ ಅಲ್ಲೇ ಇರುತ್ತಾರೆಯೇ ಎಂದು ಕೇಳಿ. ಎರಡನೆಯದನ್ನು ನಯವಾಗಿ ಕೇಳಿ, ಆದರೆ ಕೇಳದೆ ಬಿಡಬೇಡಿ. ಕರೆ ಬಂದರೆ ಪ್ರಾಧ್ಯಾಪಕರು ಊರು ಬಿಡುವುದು ಇಲ್ಲಿ ಸಾಮಾನ್ಯ. ಅವರ ತಂಡದಲ್ಲಿ ಈಗ ಓದುತ್ತಿರುವ ಒಬ್ಬರ ಜೊತೆಗೂ ಮಾತಾಡಿ. ಎರಡಕ್ಕೂ 'ಇಲ್ಲ' ಎಂದು ಉತ್ತರ ಬಂದರೆ ನನಗೆ ಮತ್ತೆ ಬರೆಯಿರಿ, ನನ್ನ ಸಲಹೆ ಬದಲಾಗಬಹುದು. 'ಹೌದು' ಎಂದರೆ ವಿದ್ಯಾರ್ಥಿನಿಲಯದ ಅರ್ಜಿಯನ್ನು ಅದೇ ದಿನ ಹಾಕಿ. ಸರದಿ ಉದ್ದವಿರುತ್ತದೆ, ಅಕ್ಟೋಬರಿನಲ್ಲಿ ಬಂದಿಳಿದ ಮೇಲೆ ಕೋಣೆ ಹುಡುಕುವುದು ಯಾರಿಗೂ ಬೇಡ.