ಕೊರಿಯನ್ ಸೀರಿಯಲ್‌ಗಳನ್ನು ನೋಡಿದವರು ಜಪಾನಿ ಪ್ರೇಮಕಥೆಗಳನ್ನು ಎಲ್ಲಿಂದ ಶುರು ಮಾಡಬೇಕು?

ನನ್ನ ಓಟು 2021ರ ‘ವಿ ಮೇಡ್ ಎ ಬ್ಯೂಟಿಫುಲ್ ಬೊಕೆ’ ಸಿನಿಮಾಗೆ. ಟೋಕಿಯೋದಲ್ಲಿ ಕೊನೆಯ ರೈಲು ತಪ್ಪಿಸಿಕೊಂಡ ಹುಡುಗ-ಹುಡುಗಿ ಪರಿಚಯವಾಗುತ್ತಾರೆ. ಇಷ್ಟದ ಲೇಖಕರಿಂದ ಹಿಡಿದು ಕಾಲಿನ ಬಿಳಿ ಶೂವರೆಗೆ ಇಬ್ಬರದೂ ಒಂದೇ. ಆಮೇಲೆ ಹುಡುಗನಿಗೆ ಕೆಲಸ ಸಿಗುತ್ತದೆ. ರಾತ್ರಿ ಮನೆಗೆ ಬಂದರೆ ಪುಸ್ತಕ ಓದುವ ತ್ರಾಣವೇ ಇಲ್ಲ, ಮೊಬೈಲ್ ಗೇಮ್ ಆಡುವಷ್ಟು ಮಾತ್ರ ಉಳಿದಿರುತ್ತದೆ. ವಿಲನ್ ಇಲ್ಲ, ಸಿಡುಕು ಅತ್ತೆ ಇಲ್ಲ, ಕ್ಯಾನ್ಸರೂ ಇಲ್ಲ. ಸಂಬಂಧ ತಾನಾಗಿ ಸವೆಯುತ್ತದೆ ಅಷ್ಟೇ. ಬರೆದವರು ಯೂಜಿ ಸಕಾಮೊಟೊ.

ಅತ್ತು ಹಗುರಾಗಬೇಕಿದ್ದರೆ ಶುಂಜಿ ಇವಾಯಿ ನಿರ್ದೇಶನದ ‘ಲವ್ ಲೆಟರ್’ (1995). ತೀರಿಕೊಂಡ ಪ್ರಿಯಕರನ ಹಳೇ ವಿಳಾಸಕ್ಕೆ ಒಬ್ಬಳು ಪತ್ರ ಬರೆಯುತ್ತಾಳೆ, ಉತ್ತರ ಬಂದುಬಿಡುತ್ತದೆ! ಇದಕ್ಕಿಂತ ಹೆಚ್ಚು ಹೇಳಿದರೆ ಮಜಾ ಹೋಯಿತು.

ನೆಟ್‌ಫ್ಲಿಕ್ಸ್‌ನ ‘ಫಸ್ಟ್ ಲವ್’ (2022) ಸೀರಿಯಲ್ಲನ್ನು ಎಲ್ಲರೂ ಹೊಗಳುತ್ತಾರೆ. ಉತ್ತರ ಜಪಾನಿನ ಹೊಕ್ಕೈಡೋ ದ್ವೀಪದ ಹಿಮ, ಪಾಪ್ ತಾರೆ ಉಟಾಡಾ ಹಿಕಾರು ಹಾಡು ಸೊಗಸೇ. ಆದರೆ ಅಪಘಾತ, ಮರೆವಿನ ಕಥೆ ನಮಗೇನು ಹೊಸದೇ?

ಜಪಾನಿ ಟೀವಿ ಡ್ರಾಮಾಗಳು ಸಾಮಾನ್ಯವಾಗಿ 10–11 ಕಂತಿಗೇ ಮುಗಿಯುತ್ತವೆ. ಮೊದಲೆರಡು ಕಂತು ನಿಧಾನ ಅನ್ನಿಸಿದರೂ ಬಿಡಬೇಡಿ.